ಕಿವಿ ಕೊಡಿ, ಸ್ವಾಮಿ

ಸ್ವಾಮಿ, ದೂರದೇಶಕ್ಕೆ ಹೊರಡುವವರು ನಿಮ್ಮ ಹತ್ತಿರ ನಾಲಿಗೆ ಕೇಳುತ್ತಾರೆ. ತನಗೆ ಮಾತು ಬಾರದು, ನಾಲಿಗೆ ಮಂದ ಎಂದು ಮೋಶೆ ಉರಿಯುವ ಪೊದೆಯ ಮುಂದೆ ಅಂಗಲಾಚಿದ. ನಾನೂ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ, ನನಗೂ ನಾಲಿಗೆ ಬೇಕು. ಆದರೆ ಮೊದಲು ಕಿವಿ ಕೊಡಿ. ಗ್ವಾಟೆಮಾಲಾಕ್ಕೆ ನನ್ನನ್ನು ಕಳಿಸುವುದೆಂದು ಹಿರಿಯ ಸಿಸ್ಟರುಗಳು ತೀರ್ಮಾನಿಸಿದ ಮೇಲೆ ನಾನು ಬಹಳ ಬೇಡಿದ್ದೇನೆ. ಹಾಗೆ ಬೇಡಿದ್ದರಲ್ಲಿ ಇದೊಂದನ್ನು ನಡೆಸಿಕೊಡಿ. ಇದನ್ನು ಹೇಗೆ ಬೇಡಬೇಕೆಂದು ಕಲಿಸಿದವರು ಗೊರಗುಂಟೆಪಾಳ್ಯದ ಹೆಣ್ಣುಮಕ್ಕಳು.

ಈ ಜಾಗ ನಿಮಗೆ ಗೊತ್ತು. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ಸಿಗ್ನಲ್ಲು. ತಲೆಯ ಮೇಲೆ 2014ರಿಂದ ಮೆಟ್ರೊ, ಕೆಳಗೆ ಹಗಲೂ ರಾತ್ರಿ ಲಾರಿ. ಒಂದು ಕಡೆ ಯಶವಂತಪುರದ ಎಪಿಎಂಸಿ ಯಾರ್ಡು, ಇನ್ನೊಂದು ಕಡೆ ಪೀಣ್ಯ. ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಕಂಡಕ್ಟರುಗಳು ಶಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಎಂದು ಕೂಗುತ್ತಾರೆ. ಬೆಳಗ್ಗೆ ನಾವು ಪೂಜೆ ಮುಗಿಸಿ ಬರುವ ಹೊತ್ತಿಗೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಊಟದ ಡಬ್ಬಿ ಹಿಡಿದು ರಸ್ತೆ ತುಂಬ ನಡೆಯುತ್ತಿರುತ್ತಾರೆ. ಹಾಸನದವರು, ಕುಣಿಗಲ್ಲಿನವರು, ರಾಯಚೂರಿನವರು. ಈಚೆಗೆ ಒಡಿಶಾ, ಜಾರ್ಖಂಡಿನ ಹುಡುಗಿಯರು. ನಮ್ಮ ಬಾಡಿಗೆ ಮನೆಯ ಎದುರಿನ ಮಹಡಿಯಲ್ಲಿ ಅಂಥವರ ಒಂದು ಪಿಜಿ ಇದೆ.

ಅಲ್ಲಿಯ ಒಬ್ಬ ಒಡಿಯಾ ಹುಡುಗಿಯ ಬಗ್ಗೆ ಹೇಳುತ್ತೇನೆ. ಬಂದ ಹೊಸತರಲ್ಲಿ ಅವಳಿಗೆ ಗೊತ್ತಿದ್ದ ಕನ್ನಡ 'ಬೇಗ ಬೇಗ' ಅಷ್ಟೇ. ಹೊಲಿಗೆಯ ಲೈನಿನಲ್ಲಿ ಸೂಪರ್‌ವೈಸರ್ ಬಾಯಿಂದ ಅತಿ ಹೆಚ್ಚು ಬೀಳುವ ಮಾತು ಅದು. ಆಮೇಲೆ 'ಆಯ್ತಾ', 'ಟಾರ್ಗೆಟ್ ಆಗಿಲ್ಲ', 'ನಾಳೆ ಬರಲ್ಲ' ಬಂದವು. ಈಗ ಅವಳು ತಳ್ಳುಗಾಡಿಯವನ ಹತ್ತಿರ ಸೊಪ್ಪಿಗೆ ಚೌಕಾಸಿ ಮಾಡುತ್ತಾಳೆ. ಪಕ್ಕದ ಮಷಿನ್ನಿನ ಅಕ್ಕನ ಮಗುವಿಗೆ ಜ್ವರ ಇಳಿಯಿತೇ ಎಂದು ವಿಚಾರಿಸುತ್ತಾಳೆ. ಆ ಅಕ್ಕ ಹೊಳೆನರಸೀಪುರದ ಕಡೆಯವಳು. ಹುಡುಗಿಯ ಕನ್ನಡಕ್ಕೂ ಅದೇ ಸೀಮೆಯ ಎಳೆತ ಬಂದಿದೆ. ಯಾರೂ ಅವಳಿಗೆ ಪಾಠ ಹೇಳಲಿಲ್ಲ. ಊಟದ ಬಿಡುವಿನಲ್ಲಿ ನಾಲ್ಕು ಜನರ ನಡುವೆ ಕೂತು, ಅರ್ಥವಾದರೂ ಆಗದಿದ್ದರೂ, ಕೇಳಿದಳು. ಊರಿಗೆ ದುಡ್ಡು ಕಳಿಸಬೇಕು, ಇಲ್ಲಿ ಬದುಕಬೇಕು, ಜೊತೆಗೆ ಯಾರಾದರೂ ಬೇಕು. ಅವಳ ಕೈಯಲ್ಲಿ ಅಧಿಕಾರವಿಲ್ಲ, ಬೆನ್ನಿಗೆ ಯಾರೂ ಇಲ್ಲ. ಅಂಥವಳಿಗೆ ಒಂದು ಭಾಷೆ ತನ್ನ ಬಾಗಿಲು ತೆರೆಯಿತು. ಸ್ವಾಮಿ, ನನ್ನನ್ನು ಅವಳ ಹಾಗೆ ಕಳಿಸಿ.

ನನ್ನ ಕಲಿಕೆ ಅವಳದಕ್ಕಿಂತ ಸುಖದ್ದು. ನನಗೆ ಪುಸ್ತಕವಿದೆ, ಮೇಜಿದೆ, ಓದಲು ಬಿಟ್ಟ ಹೊತ್ತಿದೆ. ಸಂಜೆ ಏಳೂವರೆಗೆ ಫೋನಿನ ಪರದೆಯ ಮೇಲೆ ಟೀಚರ್ ಬರುತ್ತಾರೆ. ಅವರು ಗ್ವಾಟೆಮಾಲಾದ ಆಂತಿಗುವಾ ಊರಿನವರು; ಅಲ್ಲಿಗೆ ಆಗ ಬೆಳಗ್ಗೆ ಎಂಟು. ನಮ್ಮ ಕಿಟಕಿಯಿಂದ ಲಾರಿಯ ಹಾರನ್ನು, ಅವರ ಕಿಟಕಿಯಿಂದ ಕೋಳಿಯ ಕೂಗು. ಉಚ್ಚಾರಣೆ ನಮ್ಮವರಿಗೆ ಕಷ್ಟವಲ್ಲ. ಅವರ ಐದು ಸ್ವರಗಳೂ ನಮ್ಮ ಬಾಯಲ್ಲಿ ಆಗಲೇ ಇವೆ, ಅವರ ತಕಾರ ದಕಾರಗಳು ನಮ್ಮ ಹಾಗೆಯೇ ಹಲ್ಲಿಗೆ ತಾಗುತ್ತವೆ. 'ನನಗೆ ಇಷ್ಟ' ಎನ್ನುವುದನ್ನು ಅವರೂ ನಮ್ಮಂತೆಯೇ ಕಟ್ಟುತ್ತಾರೆ. ಕಷ್ಟವಿರುವುದು ಬೇರೆ ಕಡೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂದು ಪ್ರತಿಯೊಂದಕ್ಕೂ ಲಿಂಗ ನೆನಪಿಡಬೇಕು. 'ಇರು' ಎನ್ನುವುದಕ್ಕೆ ಅವರಲ್ಲಿ ಎರಡು ಕ್ರಿಯಾಪದಗಳಿವೆ: ಸ್ವರೂಪ ಹೇಳುವುದಕ್ಕೆ ಒಂದು, ಸದ್ಯದ ಸ್ಥಿತಿ ಹೇಳುವುದಕ್ಕೆ ಇನ್ನೊಂದು. ಆಗಲಿ, ಬರಲಿ, ಸಿಗಲಿ ಎಂದು ಹಾರೈಸಲು ನಮಗೆ ಒಂದು 'ಅಲಿ' ಸಾಕು. ಅವರಲ್ಲಿ ಯಾರಿಗಾಗಿ ಹಾರೈಸುತ್ತೇವೆ ಎಂಬುದರ ಮೇಲೆ ಕ್ರಿಯಾಪದದ ರೂಪವೇ ಬೇರೆ.

ನಿಮ್ಮನ್ನು ಆ ನುಡಿಯಲ್ಲಿ ಪ್ರಾರ್ಥಿಸುವಾಗ ಏಕವಚನದಲ್ಲಿ ಕರೆಯಬೇಕು. ನಮ್ಮ ಪೂಜೆಯ ಪುಸ್ತಕದಲ್ಲೂ ಅಮ್ಮನ ಜಪಸರದಲ್ಲೂ ನೀವು ಯಾವಾಗಲೂ ಬಹುವಚನವೇ. ನಮ್ಮ ವಚನಕಾರರು ತಮ್ಮ ದೇವರನ್ನು ನೀನು ಎಂದೇ ಕರೆದರು, ಆ ಸಲಿಗೆ ಈ ನೆಲಕ್ಕೂ ಹೊಸದಲ್ಲ. ನಾನೂ ಅಭ್ಯಾಸ ಮಾಡಿಕೊಳ್ಳುತ್ತೇನೆ. ಆದರೆ ಈ ನಿವೇದನೆ ಮಾತ್ರ ಅಮ್ಮ ಕಲಿಸಿದ ಹಾಗೆಯೇ ಇರಲಿ.

ಒಮ್ಮೆ ಆ ಹುಡುಗಿ ಫುಟ್‌ಪಾತಿನಲ್ಲಿ ಕೊಂಡ ಎಕ್ಸ್‌ಪೋರ್ಟ್ ಶರ್ಟೊಂದನ್ನು ತಂದು ಅದರ ಒಳಗಿನ ಚೀಟಿ ತೋರಿಸಿದಳು. ಅಂಥ ಚೀಟಿಗಳನ್ನು ಅವಳು ದಿನವಿಡೀ ಹೊಲಿಯುತ್ತಾಳೆ, ಏನು ಬರೆದಿದೆಯೆಂದು ಗೊತ್ತಿಲ್ಲ. ಹಲವು ಭಾಷೆಗಳಲ್ಲಿ ಸ್ಪ್ಯಾನಿಷೂ ಒಂದಿತ್ತು. ನೂರಕ್ಕೆ ನೂರು ಹತ್ತಿ, ಭಾರತದಲ್ಲಿ ಮಾಡಿದ್ದು, ಬ್ಲೀಚ್ ಹಾಕಬಾರದು ಎಂದು ಓದಿ ಹೇಳಿದೆ. "ಅಲ್ಲಿಯೋರು ಹೊಲಿಯಲ್ವಾ ಸಿಸ್ಟರ್?" ಎಂದು ಕೇಳಿದಳು. ಹೊಲಿಯುತ್ತಾರೆ ಕಣಮ್ಮ, ನಾನು ಹೋಗುವ ದೇಶದಲ್ಲೂ ಗಾರ್ಮೆಂಟ್ಸ್ ಇದೆ, ಅಮೆರಿಕದ ಅಂಗಡಿಗಳಿಗೆ ಬಟ್ಟೆ ಹೋಗುತ್ತದೆ, ಬೆಟ್ಟದ ಹಳ್ಳಿಗಳಿಂದ ಬಂದ ನಿನ್ನ ವಯಸ್ಸಿನ ಹುಡುಗಿಯರು ಮಷಿನ್ನಿನ ಮುಂದೆ ಕೂರುತ್ತಾರೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅವರಿಗೂ ಟಾರ್ಗೆಟ್ ಇರುತ್ತಾ ಎಂದಳು. ನಾನು ಯಾರ ಹತ್ತಿರ ಹೋಗುತ್ತಿದ್ದೇನೆ ಎಂಬುದು ನನಗೆ ಖಚಿತವಾದದ್ದು ಆ ಪ್ರಶ್ನೆಯಿಂದ, ಸ್ವಾಮಿ.

ನಮ್ಮಿಂದ ಕೆಲವೇ ಕಿಲೋಮೀಟರಿನಲ್ಲಿ, ಜಾಲಹಳ್ಳಿಯಲ್ಲಿ, ಕ್ಲಾರೆಟ್ ಎಂಬ ಸಂತರ ಹೆಸರಿನ ಕಾಲೇಜಿದೆ. ಅದರ ಮುಂದೆ ಓಡಾಡುವ ಎಷ್ಟೋ ಜನರಿಗೆ ಅವರು ಯಾರೆಂದು ತಿಳಿಯದು. ಅಂತೋನಿ ಮರಿಯ ಕ್ಲಾರೆಟ್ 1807ರಲ್ಲಿ ಕತಲೂನ್ಯಾದ ಸಾಯೆಂತ್ ಎಂಬ ಊರಿನಲ್ಲಿ ನೇಕಾರನ ಮಗನಾಗಿ ಹುಟ್ಟಿದವರು. ಹರೆಯದಲ್ಲಿ ಬಾರ್ಸಿಲೋನಾಕ್ಕೆ ಹೋಗಿ ಮಗ್ಗದ ಕೆಲಸದಲ್ಲಿ ಪಳಗಿದರು. ಅವರ ತಾಯಿನುಡಿ ಕತಲಾನ್. ಬೋಧಿಸಿದ್ದೂ ಬರೆದದ್ದೂ ಮೊದಲು ಅದರಲ್ಲೇ. 1848ರಲ್ಲಿ ಕೆನರಿ ದ್ವೀಪಗಳಿಗೆ ಹೋದಾಗ ಸ್ಪ್ಯಾನಿಷಿನಲ್ಲಿ ಬೋಧಿಸಬೇಕಾಯಿತು. ಅಲ್ಲಿಯ ಜನ ಅವರನ್ನು ಪ್ರೀತಿಯಿಂದ 'ಪಾದ್ರಿತೊ', ಅಂದರೆ ಪುಟ್ಟ ಪಾದ್ರಿ, ಎಂದು ಕರೆದರು. 1849ರ ಜುಲೈ 16ರಂದು ವಿಕ್ ನಗರದಲ್ಲಿ ತಮ್ಮ ಮಿಷನರಿ ಸಭೆ ಕಟ್ಟಿದರು. ಮುಂದೆ ಕ್ಯೂಬಾದಲ್ಲಿ ಮಹಾಧರ್ಮಾಧ್ಯಕ್ಷರಾದರು. ಗುಲಾಮರ ಮೇಲಿನ ಕ್ರೌರ್ಯವನ್ನು ವಿರೋಧಿಸಿದರು, ಬಡವರಿಗೆ ಉಳಿತಾಯ ನಿಧಿ ತೆರೆದರು. 1856ರಲ್ಲಿ ಒಬ್ಬ ಅವರ ಕೆನ್ನೆಯನ್ನು ಕ್ಷೌರದ ಕತ್ತಿಯಿಂದ ಸೀಳಿದಾಗ ಅವನ ಪ್ರಾಣ ಉಳಿಸುವಂತೆ ಕೇಳಿಕೊಂಡವರೂ ಅವರೇ. ನೂಲು ಗೊತ್ತಿದ್ದ ಕೈ, ತಾಯಿನುಡಿಯಲ್ಲದ ಮಾತು ಆಡಿದ ಬಾಯಿ. ಈ ಗಾರ್ಮೆಂಟ್ಸ್ ಊರಿನಿಂದ ಹೊರಡುವ ನನಗೆ ಅವರಿಗಿಂತ ಹತ್ತಿರದ ಸಂತರು ಇಲ್ಲ. ಭಾರತದಿಂದ ಅತ್ತ ಹೋದವರಲ್ಲೂ ನಾನು ಮೊದಲಿನವಳಲ್ಲ. ಮದರ್ ತೆರೇಸಾ ಭಾರತದ ಹೊರಗೆ ತೆರೆದ ಮೊಟ್ಟಮೊದಲ ಮನೆ ವೆನೆಜುವೆಲಾದ ಕೊಕೊರೋತೆ ಎಂಬ ಊರಿನಲ್ಲಿ, 1965ರಲ್ಲಿ. ಅಲ್ಲಿಗೆ ಹೋದ ಸೋದರಿಯರೂ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿರಬೇಕು.

ಈಗ ನನ್ನ ಭಯವನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಹಾರೋಬೆಲೆಯ ಕಡೆಯವಳು. ಕನ್ನಡದಲ್ಲಿ ಹುಟ್ಟಿ ಕನ್ನಡದಲ್ಲೇ ನಿಮ್ಮ ಹೆಸರು ಕಲಿತವಳು. ನಮ್ಮ ಅಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು. ಪೀಠದ ಕಡೆ ಮುಖಮಾಡಿ ಗುರುಗಳು ಏನೋ ಹೇಳುತ್ತಿದ್ದರು, ಅಜ್ಜಿ ಹಿಂದೆ ಮಂಡಿಯೂರಿ ತನ್ನ ಪಾಡಿಗೆ ಜಪಸರ ಎಣಿಸುತ್ತಿದ್ದಳು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ದಾರಿ ತೆರೆಯಿತು. ಆ ಮೇಲೂ ಈ ಬೆಂಗಳೂರಿನಲ್ಲಿ ಕನ್ನಡದ ಪೂಜೆ ಬೇಕೆಂದು ನಮ್ಮ ಜನ ದಶಕಗಟ್ಟಲೆ ಕೇಳಬೇಕಾಯಿತು. ತನ್ನ ನೆಲದಲ್ಲೇ ತನ್ನ ಮಾತಿಗೆ ಜಾಗ ಕೇಳುವ ನೋವು ನಮಗೆ ಗೊತ್ತು. ಆ ನೋವನ್ನೇ ನಾನು ಹೊತ್ತುಕೊಂಡು ಹೋಗಿ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ?

ಯಾಕೆಂದರೆ ಸ್ಪ್ಯಾನಿಷ್ ಆ ದೇಶದ ಎಲ್ಲರ ತಾಯಿನುಡಿ ಅಲ್ಲ. ಗ್ವಾಟೆಮಾಲಾದಲ್ಲಿ 22 ಮಾಯಾ ಭಾಷೆಗಳಿವೆ. ಸ್ಪ್ಯಾನಿಷ್ ಅಲ್ಲಿಗೆ ಕತ್ತಿಯ ಜೊತೆ ಬಂತು, ನಿಮ್ಮ ಶಿಲುಬೆಯನ್ನೂ ಅದೇ ಹಡಗಿನಲ್ಲಿ ತಂದರು. 1562ರಲ್ಲಿ ದಿಯೆಗೊ ದೆ ಲಾಂದಾ ಎಂಬ ಸನ್ಯಾಸಿ ಯುಕತಾನಿನ ಮಾನಿ ಊರಿನಲ್ಲಿ ಮಾಯಾ ಜನರ ಪುಸ್ತಕಗಳನ್ನು ನಿಮ್ಮ ಹೆಸರಿನಲ್ಲಿ ಸುಡಿಸಿದ. 1770ರಲ್ಲಿ ಸ್ಪೇನಿನ ದೊರೆ ಮೂರನೇ ಕಾರ್ಲೊಸ್ ತನ್ನ ಅಮೆರಿಕದ ಸೀಮೆಗಳಲ್ಲಿ ಸ್ಥಳೀಯ ನುಡಿಗಳು ಅಳಿದು ಸ್ಪ್ಯಾನಿಷ್ ಒಂದೇ ಉಳಿಯಲೆಂದು ಆಜ್ಞೆ ಹೊರಡಿಸಿದ. ನಾನು ಈಗ ಕಷ್ಟಪಟ್ಟು ಕಲಿಯುತ್ತಿರುವುದು ಆ ನುಡಿಯನ್ನೇ. ಅದನ್ನು ದ್ವೇಷಿಸಲಾರೆ. ಕೋಟ್ಯಂತರ ಬಡವರು ಅದರಲ್ಲಿ ಅಳುತ್ತಾರೆ, ನಗುತ್ತಾರೆ, ನಿಮ್ಮನ್ನು ಕರೆಯುತ್ತಾರೆ. ಆದರೆ ಅದನ್ನು ಕಲಿತ ಕೂಡಲೇ ಕಲಿಕೆ ಮುಗಿಯಿತೆಂದು ನಾನು ತಿಳಿಯದಿರಲಿ.

ಲಾಂದಾನ ಹಾಗೆಯೇ ಸನ್ಯಾಸಿಯಾಗಿದ್ದ ಇನ್ನೊಬ್ಬರು ಬೇರೆ ದಾರಿ ಹಿಡಿದರು. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಡೊಮಿನಿಕನ್ ಗುರು ಗ್ವಾಟೆಮಾಲಾದ ಚಿಚಿಕಾಸ್ತೆನಾಂಗೊದಲ್ಲಿ ಕಿಚೆ ಎಂಬ ಮಾಯಾ ಜನರ ನುಡಿ ಕಲಿತರು. ಅವರ ಸೃಷ್ಟಿಕಥೆಯಾದ 'ಪೊಪೊಲ್ ವೂಹ್' ಕೃತಿಯನ್ನು ಕಿಚೆಯಲ್ಲೇ ನಕಲು ಮಾಡಿ, ಪಕ್ಕದಲ್ಲಿ ಸ್ಪ್ಯಾನಿಷ್ ಅನುವಾದ ಬರೆದಿಟ್ಟರು. ಅವರ ಮುಂದಿದ್ದ ಮೂಲ ಕಳೆದುಹೋಗಿದೆ. ಇಂದು ಲೋಕದ ಕೈಯಲ್ಲಿರುವುದು ಆ ನಕಲು. ನಮ್ಮಲ್ಲೂ ಇಂಥವರು ಬಂದಿದ್ದರು. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದು ಬಾಳಿನ ಬಹುಪಾಲನ್ನು ಕನ್ನಡದ ಪದಗಳಿಗೆ ಕೊಟ್ಟರು. ಕೇಶಿರಾಜನ ವ್ಯಾಕರಣವನ್ನು, ನಾಗವರ್ಮನ ಛಂದಸ್ಸನ್ನು ಅಚ್ಚಿಗೆ ಸಿದ್ಧಪಡಿಸಿದರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳೊಂದಿಗೆ. ಅವರ ಸಭೆ ಬೇರೆ, ನಮ್ಮ ಸಭೆ ಬೇರೆ; ನಿಮ್ಮ ಮುಂದೆ ಆ ಲೆಕ್ಕ ಎತ್ತುವುದಿಲ್ಲ. ಎಷ್ಟು ಜನರನ್ನು ಸಭೆಗೆ ಸೇರಿಸಿದರೆಂದು ಇವತ್ತು ಯಾವ ಕನ್ನಡಿಗರೂ ಕೇಳುವುದಿಲ್ಲ. ಅವರು ನಮ್ಮ ಮಾತನ್ನು ಮನಸ್ಸಿಟ್ಟು ಕೇಳಿಸಿಕೊಂಡರು, ಅದು ನೆನಪಿದೆ.

ಹುವಾನ್ ಹೆರಾರ್ದಿ ಎಂಬ ನಿಮ್ಮ ದಾಸರನ್ನೂ ಇಲ್ಲಿ ನೆನೆಯುತ್ತೇನೆ. ಗ್ವಾಟೆಮಾಲಾದ ವೆರಾಪಾಸಿನ ಧರ್ಮಾಧ್ಯಕ್ಷರಾಗಿದ್ದಾಗ ಕೆಕ್ಚಿ ಎಂಬ ಮಾಯಾ ಜನರಿಗೆ ಅವರ ನುಡಿಯಲ್ಲೇ ಪೂಜೆ ನಡೆಯಲೆಂದು ದುಡಿದವರು. ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರವರೆಗೆ ನಡೆಯಿತು. ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಮಿಕ್ಕು. ಹೆಚ್ಚಿನವರು ಮಾಯಾ ಜನ. ಯುದ್ಧ ಮುಗಿಯುವ ಕಾಲಕ್ಕೆ ಹೆರಾರ್ದಿಯವರ ಮುಂದಾಳತ್ವದಲ್ಲಿ ಸಭೆಯ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ಕೂತರು. ಬದುಕುಳಿದವರು ತಮ್ಮ ತಮ್ಮ ಮಾತಿನಲ್ಲಿ ಹೇಳಿದ್ದನ್ನು ಕೇಳಿ ಬರೆದುಕೊಂಡರು. ಸಾವಿರಾರು ಸಾಕ್ಷ್ಯಗಳ ಆ ವರದಿಯನ್ನು 1998ರ ಏಪ್ರಿಲ್ 24ರಂದು ಅವರು ರಾಜಧಾನಿಯ ಪ್ರಧಾನಾಲಯದಲ್ಲಿ ಲೋಕದ ಮುಂದಿಟ್ಟರು. 26ರ ರಾತ್ರಿ ಅವರನ್ನು ಮನೆಯಲ್ಲೇ ಹೊಡೆದು ಕೊಂದರು. ಕೇಳಿಸಿಕೊಂಡದ್ದಕ್ಕೆ ಒಬ್ಬರು ಪ್ರಾಣ ತೆತ್ತ ನಾಡಿಗೆ ನಾನು ಹೋಗುತ್ತಿದ್ದೇನೆ, ಸ್ವಾಮಿ. ಅಷ್ಟು ಧೈರ್ಯ ನನಗೆ ಕೊಡಿ ಎಂದು ಕೇಳಲು ಇನ್ನೂ ಬಾಯಿ ಬರುತ್ತಿಲ್ಲ. ಅಲ್ಲಿಯ ಒಬ್ಬ ಮುದುಕಿ ತನ್ನ ಮಗನ ಸುದ್ದಿ ತೆಗೆದಾಗ ನಾನು ಗಡಿಯಾರ ನೋಡದೆ ಕೂರುವಷ್ಟು ತಾಳ್ಮೆ ಕೊಡಿ. ಅವಳು ಕೆಕ್ಚಿಯಲ್ಲಿ ಹೇಳಿದರೆ ಕೆಕ್ಚಿಯನ್ನೂ ಕಲಿಯುವ ವಯಸ್ಸು, ಕಣ್ಣು, ನೆನಪು ಉಳಿಸಿಡಿ.

ನನ್ನ ಸ್ಪ್ಯಾನಿಷಿನಲ್ಲಿ ಕನ್ನಡದ ಸೊಗಡು ಕೊನೆಯವರೆಗೂ ಇರುತ್ತದೆ. ಅದು ಹೋಗಲಿ ಎಂದು ಕೇಳುವುದಿಲ್ಲ. ನಿಮ್ಮನ್ನು ಹಿಡಿದೊಯ್ದ ರಾತ್ರಿ ಅಂಗಳದಲ್ಲಿ ನಿಂತಿದ್ದ ಪೇತ್ರನನ್ನು ಜನ ಗುರುತು ಹಿಡಿದದ್ದು ಅವನ ಗಲಿಲೇಯದ ಮಾತಿನ ಧಾಟಿಯಿಂದ. ಅದೇ ಧಾಟಿ ನಿಮ್ಮದೂ ಆಗಿತ್ತಲ್ಲವೇ? ನಜರೇತಿನ ಬಡಗಿಯ ಮನೆಯ ಮಾತು, ಜೆರುಸಲೇಮಿನ ಪಂಡಿತರು ಹಳ್ಳಿಯದೆಂದುಕೊಂಡ ಮಾತು. ನೀವು ಅದನ್ನು ತಿದ್ದಿಕೊಳ್ಳಲಿಲ್ಲ. ಎಲ್ಲಿಯವಳು ಎಂದು ಅಲ್ಲಿಯ ಜನ ಕೇಳಿದಾಗ ನಾನೂ ಸಂಕೋಚವಿಲ್ಲದೆ ಹೇಳುವಂತಾಗಲಿ.

ಇನ್ನು ಸಣ್ಣಪುಟ್ಟ ಬೇಡಿಕೆಗಳಿವೆ. ವೀಸಾದ ಕಾಗದಗಳು ಸಕಾಲಕ್ಕೆ ಬರಲಿ. ಕ್ರಿಯಾಪದದ ಭೂತಕಾಲಗಳು ನೆನಪಿನಲ್ಲಿ ನಿಲ್ಲಲಿ. ಎದುರು ಮಹಡಿಯ ಹುಡುಗಿಗೆ ಈ ಸಲ ಊರಿನ ರಜೊ ಹಬ್ಬಕ್ಕೆ ರಜೆ ಸಿಗಲಿ, ರೈಲಿನಲ್ಲಿ ಸೀಟೂ ಸಿಗಲಿ. ಅಮ್ಮನಿಗೆ ನಾನು ಹೋಗುವ ದೇಶದ ಹೆಸರು ಇನ್ನೂ ಬಾಯಿಗೆ ಕೂತಿಲ್ಲ. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆಯ ಅಂತರವೆಂದು ಎಷ್ಟು ಹೇಳಿದರೂ, ತನಗೆ ಬಿಡುವಾದಾಗಲೇ ಫೋನ್ ಮಾಡುವುದು ಎನ್ನುತ್ತಾಳೆ. ಹಸು ಕಟ್ಟಿ, ಪಾತ್ರೆ ತೊಳೆದು ಅವಳು ಕೂರುವ ಹೊತ್ತಿಗೆ ಅಲ್ಲಿ ನಾನು ಕೆಲಸಕ್ಕೆ ಓಡುತ್ತಿರುತ್ತೇನೆ. ಆಗ ಫೋನ್ ಎತ್ತುವಂತೆ ಮಾಡಿ. ಆಮೇಲೆ ಮಾಡುತ್ತೇನಮ್ಮ ಎಂದು ಅವಳ ಮಾತನ್ನು ಅರ್ಧಕ್ಕೆ ಕಡಿಯದಂತೆ ನೋಡಿಕೊಳ್ಳಿ.