ಒಡಹುಟ್ಟಿದವನೊಡನೆ ಪಂದ್ಯ

ಪಂದ್ಯದಲ್ಲಿ ಪರಕೀಯನನ್ನು ಗೆಲ್ಲುವುದು ಸಾಮರ್ಥ್ಯದ ಮಾತು. ಬಂಧುವನ್ನು ಗೆಲ್ಲುವುದು ಬೇರೆಯೇ ಒಂದು ಮಾತು. ಈ ಭೇದವನ್ನು ನಾನು ಪುಸ್ತಕಗಳಿಂದ ತಿಳಿದವನಲ್ಲ. ಮೈಸೂರಿನ ಬೀದಿಗಳಲ್ಲಿ, ಒಂದು ಭಾನುವಾರದ ಬೆಳಗ್ಗೆ, ಏದುಸಿರು ಬಿಡುತ್ತ ತಿಳಿದವನು. ಆದಕಾರಣ ವಾಚಕರು ಮೊದಲು ಆ ಸಣ್ಣ ಸಂಗತಿಯನ್ನು ಕೇಳುವ ಸೈರಣೆಯನ್ನು ತೋರಬೇಕು.

ನಮ್ಮ ಪರಿಚಿತರ ಬಳಗವೊಂದು ಆ ದಿನ ಊರೊಳಗೆ ನಿಧಿಶೋಧದ ಓಟವೊಂದನ್ನು ಏರ್ಪಡಿಸಿತ್ತು. ಇದಕ್ಕೆ ಟ್ರೆಷರ್ ಹಂಟ್ ಎಂದು ಈಗಿನ ಹುಡುಗರ ಹೆಸರು. ಒಂದೊಂದು ಠಾವಿನಲ್ಲಿ ಒಂದೊಂದು ಲಕೋಟೆ. ಲಕೋಟೆಯೊಳಗೆ ಒಂದು ಒಗಟು. ಒಗಟನ್ನು ಬಿಡಿಸಿದವನಿಗೆ ಮುಂದಿನ ಠಾವು ತಿಳಿಯುತ್ತದೆ. ವಾಹನ ಕೂಡದು, ಕಾಲೇ ಗತಿ. ‘ಗಂಟೆಗಳು ಕನ್ನಡದಲ್ಲಿ ನಡೆಯುವ ಎಡೆ’ ಎಂಬುದು ಮೊದಲನೆಯ ಒಗಟು. ಹೊರಗಿನಿಂದ ಬಂದಿದ್ದ ಇಬ್ಬರು ಮೂವರು ಆಕಾಶವಾಣಿಯ ಕಡೆಗೆ ಓಡಿದರು! ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿರುವುದನ್ನು ಬಲ್ಲ ಊರಿನವರು ಅವಸರವಿಲ್ಲದೆ ಅಲ್ಲಿಗೆ ನಡೆದರು.

ಸ್ಪರ್ಧಿಗಳನ್ನು ಇಬ್ಬಿಬ್ಬರಂತೆ ಎದುರಾಳಿಗಳನ್ನಾಗಿ ಮಾಡಿದ್ದರು. ಚೀಟಿ ಎತ್ತಿದಾಗ ನನಗೆ ಎದುರಾಗಿ ಬಂದವನು ನನ್ನ ತಮ್ಮ. ಎಲ್ಲರೂ ನಕ್ಕರು, ನಾವೂ ನಕ್ಕೆವು.

ತಮ್ಮನಿಗೆ ಚಿಕ್ಕಂದಿನಿಂದ ಉಗ್ಗು. ಮನೆಯವರೊಡನೆ ಮಾತನಾಡುವಾಗ ಅದು ಇದೆಯೆಂದೇ ತೋರದು. ಅಪರಿಚಿತರ ಮುಂದೆ, ಅದರಲ್ಲಿಯೂ ಏನನ್ನಾದರೂ ಕೇಳಬೇಕಾಗಿ ಬಂದಾಗ, ಮೊದಲಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಲ್ಯದಲ್ಲಿ ಅವನನ್ನು ಅಂಗಡಿಗೆ ಕಳುಹಿಸಿದರೆ ಬೇಕಾದ ಸಾಮಾನುಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗುತ್ತಿದ್ದನು. ಆ ಚೀಟಿಗಳನ್ನು ಬರೆದುಕೊಡುತ್ತಿದ್ದವನು ನಾನು.

ಮೂರನೆಯ ಠಾವು ಚಾಮರಾಜ ವೃತ್ತದ ಬಳಿ. ಅಲ್ಲಿ ನಮ್ಮಿಬ್ಬರಿಗಾಗಿ ಎರಡು ಲಕೋಟೆಗಳಿದ್ದವು. ಒಂದರ ಮೇಲೆ ‘ಓದು’ ಎಂದೂ ಇನ್ನೊಂದರ ಮೇಲೆ ‘ಕೇಳು’ ಎಂದೂ ಬರೆದಿತ್ತು. ಮೊದಲು ಬಂದವನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಮೊದಲು ಬಂದವನು ನಾನು. ಜನರನ್ನು ಮಾತನಾಡಿಸುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಓದುವುದಕ್ಕಾದರೋ, ಕನ್ನಡಕವನ್ನು ಆ ಬೆಳಗ್ಗೆ ಅವಸರದಲ್ಲಿ ಮನೆಯಲ್ಲಿಯೇ ಬಿಟ್ಟು ಬಂದಿದ್ದೆ. ಆದರೂ ನಾನು ಕೈಹಾಕಿದ್ದು ‘ಓದು’ ಎಂಬ ಲಕೋಟೆಗೆ. ‘ಕೇಳು’ ತಮ್ಮನ ಪಾಲಿಗೆ ಉಳಿಯಿತು. ದೇವರಾಜ ಮಾರುಕಟ್ಟೆಗೆ ಹೋಗಿ, ಒಂದು ಮಾರು ಹೂವಿಗೆ ಎಷ್ಟು ಮೊಳವೆಂದು ಐದು ಮಂದಿ ಹೂವಾಡಗಿತ್ತಿಯರನ್ನು ವಿಚಾರಿಸಿ ಬರಬೇಕೆಂಬುದು ಅವನ ಕೆಲಸ. (ಲೆಕ್ಕದಲ್ಲಿ ನಾಲ್ಕು ಮೊಳವಷ್ಟೆ, ಮಾರುಕಟ್ಟೆಯಲ್ಲಿ ಅದು ಅಳೆಯುವವಳ ತೋಳಿಗೂ ಮನಸ್ಸಿಗೂ ಸೇರಿದ್ದು.) ನಾನು ಕಣ್ಣು ಕಿರಿದುಮಾಡಿಕೊಂಡು, ಒಂದು ಪೀಠದ ಬರಹವನ್ನು ಅಕ್ಷರಕ್ಷರವಾಗಿ ತಡವಿ ಓದಿ, ಹೇಗೋ ಮೊದಲು ಮುಟ್ಟಿದೆ. ಗೆದ್ದೆ.

ನಿಯಮಕ್ಕೆ ವಿರೋಧವಾದುದನ್ನು ನಾನೇನೂ ಮಾಡಲಿಲ್ಲ. ಚದುರಂಗದಲ್ಲಿ ಎದುರಾಳಿಯ ದೌರ್ಬಲ್ಯವನ್ನು ನೋಡಿ ಕಾಯಿ ನಡಸದವನುಂಟೆ? ಹೀಗೆಂದು ಹಲವು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಚದುರಂಗದವನು ಎದುರಾಳಿಯ ಕುಂದನ್ನು ಮಣೆಯ ಮೇಲೆ ಕಂಡುಕೊಳ್ಳುತ್ತಾನೆ. ಅದು ಆಟದಲ್ಲಿ ದುಡಿದ ಜ್ಞಾನ. ನನ್ನದು ಹಾಗಲ್ಲ. ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಅವನು ನಂಬಿ ತೋರಿಸಿದ ನೋವಿನಿಂದ ನನಗೆ ದೊರೆತದ್ದು. ಪ್ರೀತಿಯ ಕಾಲದಲ್ಲಿ ಕೈಗೆ ಬಂದ ಬೀಗದ ಕೈಯನ್ನು ಪಂದ್ಯದ ಕಾಲದಲ್ಲಿ ತಿರುಗಿಸಬಹುದೆ?

ಇದಕ್ಕೆ ‘ಕೂಡದು’ ಎಂದು ಕೂಡಲೇ ಹೇಳಿಬಿಡುವುದು ಸುಲಭ. ಆದರೆ ಅದರಲ್ಲಿಯೂ ತೊಡಕುಂಟು. ತಮ್ಮನ ಮೇಲಣ ಕರುಣೆಯಿಂದ ‘ಕೇಳು’ ಲಕೋಟೆಯನ್ನು ನಾನು ತೆಗೆದುಕೊಂಡಿದ್ದೆನೆಂದು ಭಾವಿಸೋಣ. ಆಗಲೂ ನಾನು ಅದೇ ಬೀಗದ ಕೈಯನ್ನು ತಿರುಗಿಸಿದಂತಾಗಲಿಲ್ಲವೆ? ಅವನು ಓಟಕ್ಕೆ ಬಂದದ್ದು ಸಮಾನನಾಗಿ, ಅನುಕಂಪವನ್ನು ಬೇಡಿಕೊಂಡಲ್ಲ. ಮಕ್ಕಳೊಡನೆ ಪಗಡೆಯಾಡುವಾಗ ಬೇಕೆಂದು ಸೋಲುವ ತಾತನ ಔದಾರ್ಯ ನಲವತ್ತರ ಹರೆಯದ ತಮ್ಮನಿಗೆ ಸಲ್ಲದು; ಸಲ್ಲಿಸಿದರೆ ಅದು ಅವಮಾನ. ಹಾಗಾದರೆ ತಿಳಿದುದನ್ನು ಬಳಸಿದರೂ ತಪ್ಪು, ಬಳಸದೆ ಬಿಟ್ಟುಕೊಟ್ಟರೂ ತಪ್ಪು ಎಂಬಂತಾಯಿತು.

ಬಹುಕಾಲ ಈ ಇಕ್ಕಟ್ಟಿನಲ್ಲಿ ಸಿಕ್ಕಿದ್ದ ನನಗೆ ಕನ್ನಡಕವೇ ದಾರಿತೋರಿಸಿತೆನ್ನಬೇಕು. ನನ್ನ ಬಲವನ್ನು ಮಾತ್ರ ನೋಡಿ ಆರಿಸಿದ್ದರೆ ನಾನು ‘ಕೇಳು’ ಎಂಬುದನ್ನೇ ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಆದರೆ ನಾನು ನನಗೆ ಕಷ್ಟವಾದುದನ್ನೇ ಆರಿಸಿಕೊಂಡೆ, ಅವನಿಗೆ ಇನ್ನೂ ಹೆಚ್ಚು ಕಷ್ಟವಾಗಲೆಂದು. ಗೆಲ್ಲುವ ಆಸೆ ಬೇರೆ, ಸೋಲಿಸುವ ಆಸೆ ಬೇರೆ. ಮೊದಲನೆಯದು ಗುರಿಯ ಕಡೆ ನೋಡುತ್ತದೆ. ಎರಡನೆಯದು ಪಕ್ಕದವನ ಕಾಲಿನ ಕಡೆ. ನಮ್ಮ ಹಿರಿಯರು ದಾಯಾದಿ ಮತ್ಸರವೆಂದು ಕರೆದದ್ದು ಈ ಎರಡನೆಯದನ್ನು. ಅದಕ್ಕೆ ಹೊಲ ಮನೆಗಳ ಪಾಲೇ ಬೇಕೆಂದಿಲ್ಲ, ಎರಡು ಲಕೋಟೆಗಳೂ ಸಾಕು.

ಇದೇ ಬಗೆಯ ಓಟವನ್ನು ಕುರಿತು ಅಮೆರಿಕದಲ್ಲಿ 1936ರಲ್ಲಿ ತಯಾರಾದ ಒಂದು ಚಲಚ್ಚಿತ್ರವಿದೆ: ಗ್ರೆಗರಿ ಲಾ ಕಾವ ನಿರ್ದೇಶಿಸಿದ ‘ಮೈ ಮ್ಯಾನ್ ಗಾಡ್‌ಫ್ರೆ’. ನ್ಯೂಯಾರ್ಕಿನ ಸಿರಿವಂತರು ಊರೆಲ್ಲ ಅಲೆದು, ಯಾರಿಗೂ ಬೇಡವಾದ ವಸ್ತುಗಳನ್ನು ಪಟ್ಟಿಯಂತೆ ಒಟ್ಟುಮಾಡಿ ತರುವ ಪಂದ್ಯ ಹೂಡಿರುತ್ತಾರೆ. ಪಟ್ಟಿಯಲ್ಲಿ ‘ಮರೆತುಹೋದ ಮನುಷ್ಯ’ನೂ ಒಂದು ವಸ್ತು! ಆರ್ಥಿಕ ಕುಸಿತದಲ್ಲಿ ತಳಕ್ಕೆ ಬಿದ್ದ ಬಡವನನ್ನು ಕುರಿತು ರೂಸ್‌ವೆಲ್ಟ್ 1932ರ ತಮ್ಮ ಬಾನುಲಿ ಭಾಷಣವೊಂದರಲ್ಲಿ ಆಡಿದ ಮಾತು ಅದು. ಕಾರ್ನೀಲಿಯ, ಐರೀನ್ ಎಂಬ ಅಕ್ಕತಂಗಿಯರು ನದಿಯ ದಂಡೆಯ ಕಸದ ತಿಪ್ಪೆಗೆ ಬಂದು ಅಂಥವನೊಬ್ಬನನ್ನು ಕಾಣುತ್ತಾರೆ. ಐದು ಡಾಲರು ಕೊಡುವೆನೆಂದ ಅಕ್ಕ ಅವನ ಕೋಪಕ್ಕೆ ಹಿಂದೆ ಹಿಂದೆ ಸರಿದು ಬೂದಿಯ ರಾಶಿಯ ಮೇಲೆ ಬೀಳುತ್ತಾಳೆ. ತಂಗಿಗೆ ಆದ ಆನಂದ ಅಷ್ಟಿಷ್ಟಲ್ಲ. ಅವಳ ಹರ್ಷ ಬಹುಮಾನದ್ದಲ್ಲ, ಅಕ್ಕ ಬಿದ್ದಳೆಂಬುದು. ಕೊನೆಗೆ ಆ ಮನುಷ್ಯನೇ ತಂಗಿಯನ್ನು ಗೆಲ್ಲಿಸಲು ಜೊತೆಯಲ್ಲಿ ಹೋಗುತ್ತಾನೆ. ನೋಡುವಾಗ ನಗು ಬರುತ್ತದೆ. ಆದರೆ ಒಡಹುಟ್ಟಿದವರ ಸ್ಪರ್ಧೆಯ ನಡುವೆ ಬೇರೊಂದು ಜೀವ ಪದಾರ್ಥವಾಗಿ ಹೋಯಿತೆಂಬುದನ್ನು ನಗು ಮುಗಿದ ಮೇಲೆ ಮರೆಯುವಂತಿಲ್ಲ. ನನ್ನ ಓಟದಲ್ಲಿ ಹೊರಗಿನ ಜೀವವೊಂದು ಹಾಗೆ ಪದಾರ್ಥವಾಗಲಿಲ್ಲ. ತಮ್ಮನ ನಾಲಗೆಯೇ ಆಯಿತು.

ನಮ್ಮ ನಾಡಿನ ಕಥೆ ಇದಕ್ಕಿಂತ ಗಂಭೀರವಾದದ್ದು. ಪಂಪನು ಆದಿಪುರಾಣದಲ್ಲಿ ಹೇಳಿರುವ ಭರತ ಬಾಹುಬಲಿಗಳ ಪ್ರಸಂಗವನ್ನು ವಾಚಕರು ಬಲ್ಲರು: ಸೇನೆಗಳ ಸಾವು ಬೇಡವೆಂದು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿದರು. ತಮ್ಮನು ಎತ್ತರದವನು, ಆ ಎತ್ತರ ಅವನಿಗೆ ಅನುಕೂಲವಾಯಿತು. ಆದರೆ ಅದು ಎಲ್ಲರ ಕಣ್ಣಿಗೂ ಕಾಣುವ ಬಲ, ಮನೆಯೊಳಗಿನ ಗುಟ್ಟಲ್ಲ. ಮೂರರಲ್ಲಿಯೂ ಗೆದ್ದು, ಅಣ್ಣನನ್ನು ಎತ್ತಿ ಹಿಡಿದ ಮೇಲೂ ನೆಲಕ್ಕೆ ಅಪ್ಪಳಿಸಲಿಲ್ಲ. ಆಮೇಲೆ ನಿಯಮ ಮುರಿದು ಚಕ್ರವನ್ನು ಪ್ರಯೋಗಿಸಿದವನು ಸೋತ ಅಣ್ಣ. ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಸುಮಾರು 57 ಅಡಿ ಎತ್ತರದ ಶಿಲೆಯಲ್ಲಿ ನಿಲ್ಲಿಸಿದ್ದು ಗೆದ್ದು ಬಿಟ್ಟವನನ್ನು. ಬಾಲ್ಯದಲ್ಲಿ ಅಲ್ಲಿಗೆ ಹೋದಾಗ ನಾನು ತಮ್ಮನ ಕೈಹಿಡಿದು ಮೆಟ್ಟಿಲೇರಿಸಿದ್ದೆ. ಪ್ರತಿಮೆ ತಮ್ಮನದೆಂದೂ, ಚಕ್ರ ಬೀಸಿದವನು ಅಣ್ಣನೆಂದೂ ಆಗ ನಮ್ಮಿಬ್ಬರಿಗೂ ತಿಳಿಯದು.

ಸ್ಪರ್ಧೆಯನ್ನೇ ಬಿಟ್ಟುಬಿಡುವುದು ಲೇಸೆಂದು ಕೆಲವರೆನ್ನಬಹುದು. ನನಗೆ ಹಾಗೆ ತೋರದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಸೇರಿ, ಒಬ್ಬಟ್ಟು ತಿಂದು, ಆರೋಗ್ಯ ವಿಚಾರಿಸಿ ಬೀಳ್ಕೊಳ್ಳುವ ಸಹೋದರರಿಗಿಂತ, ಬಿಸಿಲಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಲು ಓಡುವವರು ಹೆಚ್ಚು ಹತ್ತಿರದವರಿರಬಹುದು.

ಆ ದಿನ ತಮ್ಮನು ನನಗಿಂತ ಇಪ್ಪತ್ತು ನಿಮಿಷ ತಡವಾಗಿ ಬಂದನು. ಕೈಯಲ್ಲಿ ಐದು ಉತ್ತರಗಳೂ ಒಂದು ಮಾರು ಮಲ್ಲಿಗೆಯೂ ಇದ್ದವು. ಮೊದಲನೆಯ ಹೂವಾಡಗಿತ್ತಿಯ ಮುಂದೆ ಎಷ್ಟು ಹೊತ್ತು ನಿಂತಿದ್ದನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೂವನ್ನು ಅಮ್ಮನಿಗೆ ಕೊಟ್ಟನು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ, ಎಲೆಯಡಿಕೆ ಹಾಕಿಕೊಳ್ಳುತ್ತ, ಒಂದಕ್ಷರವೂ ತಡವರಿಸದೆ ಹೇಳಿದನು:

“ಅಣ್ಣ, ಕನ್ನಡಕ ಮರೆತು ಬಂದಿದ್ದೆ ನೀನು. ಓಟ ಶುರುವಾಗುವುದಕ್ಕೆ ಮುಂಚೆಯೇ ನೋಡಿದ್ದೆ.”

ನಾನು ಮಾತನಾಡಲಿಲ್ಲ. ಅವನೂ ಆ ಮಾತನ್ನು ಮುಂದುವರಿಸಲಿಲ್ಲ. ಮುಂದಿನ ವರ್ಷದ ಓಟಕ್ಕೆ ನಮ್ಮಿಬ್ಬರ ಹೆಸರುಗಳನ್ನೂ ಅವನೇ ಹೋಗಿ ಬರೆಸಿ ಬಂದಿದ್ದಾನೆ. ಬಾಯಿಂದ ಹೇಳಿ ಬರೆಸಿದನೋ, ಚೀಟಿ ಕೊಟ್ಟು ಬರೆಸಿದನೋ, ನಾನು ವಿಚಾರಿಸಿಲ್ಲ.