ಬೀಜದ ಕಡಲೆಯೊಳಗೆ

ಬಿತ್ತನೆಗೆಂದು ಎತ್ತಿಟ್ಟ ಕಡಲೆಯ ಚೀಲವನ್ನು ನಮ್ಮವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ‘ಅದು ಬೀಜದ ಕಡ್ಲಿ ತಮ್ಮಾ, ಕಲಸಬ್ಯಾಡ’ ಎನ್ನುತ್ತಿದ್ದಳು. ಚೆನ್ನಾಗಿ ಬಿಸಿಲು ಕಾಣಿಸಿ, ಬೇವಿನ ತಪ್ಪಲು ಬೆರೆಸಿ, ನೆಲದ ತಂಪು ತಾಗದ ಹಾಗೆ ಹಲಗೆಯ ಮೇಲೆ ಇಟ್ಟಿರುತ್ತಿದ್ದಳು. ನಮ್ಮ ಕಡೆಯ ಜಕ್ಕಲಿ ಎಂದರೆ ನಾಡಿನವರಿಗೆ ಕರ್ನಾಟಕ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರು. ನನಗೆ ಮೊದಲು ನೆನಪಾಗುವುದು ಅಲ್ಲಿಯ ಎರಿ ಹೊಲ, ಹಿಂಗಾರಿ ಕಡಲೆ.

ಮೊನ್ನೆ ಆ ಕಡೆಯ ಒಂದು ಹಿಡಿ ಕಡಲೆಯನ್ನು ನೆನೆಹಾಕಿದೆ. ಬೆಳಿಗ್ಗೆ ಕಾಳು ಉಬ್ಬಿ ಸಿಪ್ಪೆಯ ಸುಕ್ಕು ಹೋಗಿತ್ತು. ಬಟ್ಟೆಯಲ್ಲಿ ಕಟ್ಟಿಟ್ಟ ಮರುದಿನ ಕೊಕ್ಕಿನ ಪಕ್ಕದಿಂದ ಬಿಳಿ ಬೇರು ಇಣುಕಿತು. ಆ ಬೇರಿನ ತುದಿ ಸೂಜಿಯ ಮೊನೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಒಂದು ಕೋಶ ಎರಡಾಗುವುದು, ಎರಡು ನಾಲ್ಕಾಗುವುದು ಅಲ್ಲೇ. ಪ್ರತಿ ಸಲ ಎರಡಾಗುವ ಮುನ್ನ ಕೋಶ ತನ್ನ ಡಿಎನ್ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು.

ಎಷ್ಟು ನಕಲು? ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಮುಂದಾಳುತನದಲ್ಲಿ 2013ರಲ್ಲಿ ಕಡಲೆಯ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ ಬರಹ, ಓದಿ ಪ್ರಕಟಿಸಿದರು. ಸುಮಾರು 74 ಕೋಟಿ ಅಕ್ಷರ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ. ತಾಯಿ ಕಡೆಯಿಂದ ಒಂದು, ತಂದೆ ಕಡೆಯಿಂದ ಒಂದು ಎಂದು ಪ್ರತಿ ಕೋಶದಲ್ಲೂ ಇದರ ಎರಡು ಪ್ರತಿ ಇರುತ್ತವೆ. ಸೆಕೆಂಡಿಗೆ 50 ಅಕ್ಷರದ ಲೆಕ್ಕ ಹಿಡಿದು ಒಂದು ತುದಿಯಿಂದ ಬರೆಯುತ್ತ ಹೋದರೆ 74 ಕೋಟಿ ಮುಗಿಯಲು 170 ದಿನ ಬೇಕು. ಕಡಲೆಯ ಬೆಳೆಯೇ ನೂರು ದಿನದ್ದು! ಬಿತ್ತಿ, ಕಿತ್ತು, ರಾಶಿ ಮಾಡಿ ಮನೆಗೆ ತಂದರೂ ಮೊದಲ ಕೋಶದ ನಕಲು ಮುಗಿದಿರುವುದಿಲ್ಲ. ಅದಕ್ಕೇ ಕೋಶ ಸಾವಿರಾರು ಕಡೆಗಳಲ್ಲಿ ಒಟ್ಟೊಟ್ಟಿಗೆ ಕೆಲಸ ಹಚ್ಚುತ್ತದೆ, ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ.

ಕೆಲಸಗಾರರು ಕಿಣ್ವಗಳು. ಡಿಎನ್ಎ ಎಂದರೆ ಎರಡು ಎಳೆ ಹೊಸೆದ ಹಗ್ಗ ಎಂದುಕೊಳ್ಳಿ. ಹೆಲಿಕೇಸ್ ಎಂಬ ಕಿಣ್ವ ಆ ಎಳೆಗಳನ್ನು ಬಿಡಿಸುತ್ತ ಸಾಗುತ್ತದೆ. ಗೂಟಕ್ಕೆ ಕಟ್ಟಿದ ಎರಡೆಳೆ ಹಗ್ಗದ ಈಚೆ ತುದಿ ಹಿಡಿದು ಎಳೆಗಳನ್ನು ಬೇರೆ ಮಾಡಿ ನೋಡಿದವರಿಗೆ ಗೊತ್ತು: ಮುಂದಿನ ಭಾಗ ಹುರಿಗೊಂಡು ಗಂಟಾಗಿ ನಿಲ್ಲುತ್ತದೆ. ಕೋಶದಲ್ಲೂ ಹಾಗೇ ಆಗುತ್ತದೆ. ಅಲ್ಲಿ ಟೊಪೊಐಸೊಮೆರೇಸ್ ಎಂಬ ಕಿಣ್ವ ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಕೂಡಿಸಿ ದಾರಿ ಬಿಡಿಸುತ್ತದೆ. ಇದು ನಿಂತರೆ ಕೋಶವೇ ನಿಂತಂತೆ. ಕ್ಷಯರೋಗದ ಚಿಕಿತ್ಸೆಯಲ್ಲಿ ಬಳಸುವ ಲೆವೊಫ್ಲಾಕ್ಸಾಸಿನ್ ಮಾತ್ರೆ ತಡೆಯುವುದು ಬ್ಯಾಕ್ಟೀರಿಯಾದ ಇಂಥದೇ ಕಿಣ್ವವನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಈ ಬಗೆಯ ಕಿಣ್ವಗಳ ಮೇಲೆಯೇ ವರ್ಷಗಟ್ಟಲೆ ದುಡಿದಿದೆ.

ಬಿಡಿಸಿದ ಎಳೆಯನ್ನು ನೋಡಿಕೊಂಡು ಹೊಸ ಎಳೆ ಬರೆಯುವುದು ಡಿಎನ್ಎ ಪಾಲಿಮರೇಸ್. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಈ ಕಿಣ್ವವನ್ನು 1956ರಲ್ಲಿ ಕಂಡುಹಿಡಿದ ಆರ್ಥರ್ ಕಾರ್ನ್‌ಬರ್ಗ್ ಅವರಿಗೆ 1959ರಲ್ಲಿ ನೊಬೆಲ್ ಬಂತು. ಪಾಲಿಮರೇಸ್‌ಗೆ ಎರಡು ಕಟ್ಟುಪಾಡು. ತಾನಾಗಿ ಶುರು ಮಾಡಲು ಬಾರದು, ಪ್ರೈಮೇಸ್ ಎಂಬುದು ಮೊದಲ ಕೆಲವು ಅಕ್ಷರ ಹಾಕಿಕೊಡಬೇಕು. ಇನ್ನು, ಒಂದೇ ದಿಕ್ಕಿಗೆ ಬರೆಯಬಲ್ಲದು, ಡಿಎನ್ಎಯ ಎರಡು ಎಳೆಗಳೋ ಎದುರುಬದುರು ದಿಕ್ಕಿನವು. ಹೀಗಾಗಿ ಒಂದರ ಮೇಲೆ ಎಡೆಬಿಡದೆ ಸಾಗುತ್ತದೆ. ಇನ್ನೊಂದರ ಮೇಲೆ ತುಸು ಬರೆದು, ಮುಂದೆ ಎಳೆ ಬಿಚ್ಚಿದಂತೆ ಅಲ್ಲಿಂದ ಮತ್ತೆ ಹಿಂದಕ್ಕೆ ತುಸು ಬರೆದು, ತುಂಡು ತುಂಡಾಗಿ ನಡೆಯುತ್ತದೆ. ತುಂಡುಗಳನ್ನು ಲೈಗೇಸ್ ಬೆಸೆಯುತ್ತದೆ. ಈ ತುಂಡುಗಳನ್ನು 1960ರ ದಶಕದಲ್ಲಿ ಗುರುತಿಸಿದವರು ಜಪಾನಿನ ರೇಜಿ ಒಕಝಾಕಿ ಮತ್ತು ಅವರ ಪತ್ನಿ ತ್ಸುನೆಕೊ. ಹಿರೋಶಿಮಾದ ಹುಡುಗ ರೇಜಿ, ಬಾಂಬಿನ ವಿಕಿರಣ ತಾಗಿದ್ದವರು. 1975ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು 44. ಡಿಎನ್ಎಯನ್ನೇ ಓದಿ ತಿಳಿಸಿದವರು ಕೆಟ್ಟ ಡಿಎನ್ಎಗೇ ಬಲಿಯಾದದ್ದು ನನ್ನನ್ನು ಇಂದಿಗೂ ಕಲಕುತ್ತದೆ. ತ್ಸುನೆಕೊ ಆ ಕೆಲಸವನ್ನು ಮುಂದುವರಿಸಿದರು.

ಪಾಲಿಮರೇಸ್ ಲಕ್ಷಕ್ಕೊಂದು ಅಕ್ಷರ ತಪ್ಪುತ್ತದೆ. ಆದರೆ ತಪ್ಪಿದ್ದು ಅರಿವಾದರೆ ತಾನೇ ಒಂದು ಹೆಜ್ಜೆ ಹಿಂದೆ ಸರಿದು ಅದನ್ನು ಕಿತ್ತು ಸರಿ ಅಕ್ಷರ ಹಾಕುತ್ತದೆ. ಕಣ್ತಪ್ಪಿ ಉಳಿದದ್ದನ್ನು ಹಿಂದೆ ಬರುವ ಬೇರೆ ಕಿಣ್ವಗಳು ಹುಡುಕಿ ತಿದ್ದುತ್ತವೆ. ಕೊನೆಗೆ ಉಳಿಯುವುದು ನೂರು ಕೋಟಿಗೆ ಒಂದರ ಆಸುಪಾಸು. ಈ ಕರಾರುವಾಕ್ಕುತನದ ಫಲ ಹೊಲದಲ್ಲೂ ಕಾಣುತ್ತದೆ. ಧಾರವಾಡ–ಗದಗ ದಾರಿಯ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ಕಡಲೆ ತಳಿ 1978ರಲ್ಲಿ ಬಿಡುಗಡೆಯಾಯಿತು. ಕಡಲೆ ತನ್ನ ಹೂವಿನೊಳಗೇ ಪರಾಗ ಮುಗಿಸಿಕೊಳ್ಳುವ ಬೆಳೆ. ಹೀಗಾಗಿ ರೈತ ಮನೆಯಲ್ಲಿ ಇಟ್ಟುಕೊಂಡು ವರ್ಷ ವರ್ಷ ಬಿತ್ತಿದರೂ ಅಣ್ಣಿಗೇರಿ ಅಣ್ಣಿಗೇರಿಯಾಗಿಯೇ ಉಳಿಯಿತು. ಅವ್ವ ಚೀಲ ಕಲಸಗೊಡಲಿಲ್ಲ, ಒಳಗೆ ಕಿಣ್ವಗಳು ಅಕ್ಷರ ಕಲಸಗೊಡಲಿಲ್ಲ.

ಆ ತಳಿಗೆ ಒಂದು ಕೊರತೆಯಿತ್ತು: ಸೊರಗು ರೋಗ, ಹೊಲದ ಮಾತಿನಲ್ಲಿ ಸಿಡಿ. ಹಸಿರಾಗಿ ನಿಂತ ಗಿಡ ನೋಡನೋಡುತ್ತ ಬಾಡಿ ನಿಲ್ಲುವುದು. ಡಬ್ಲ್ಯುಆರ್ 315 ಎಂಬ ಕಡಲೆಗೆ ಅದನ್ನು ತಡೆಯುವ ಗುಣ ಇತ್ತು. ಎಂದೋ, ಯಾವುದೋ ಗಿಡದ ಬರಹದಲ್ಲಿ ಆದ ಬದಲಾವಣೆಯ ಫಲ ಅದು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಎರಡನ್ನೂ ಕೂಡಿಸಿ ‘ಸೂಪರ್ ಅಣ್ಣಿಗೇರಿ-1’ ತಂದವು. ಯಾವ ಸಸಿಗೆ ಆ ಗುಣ ಇಳಿದಿದೆ ಎಂದು ತಿಳಿಯಲು ರೋಗ ಬರುವವರೆಗೆ ಕಾಯಲಿಲ್ಲ. ಎಳೆ ಎಲೆಯ ಚೂರಿನಿಂದ ಡಿಎನ್ಎ ತೆಗೆದು, ಬೇಕಾದ ಭಾಗವನ್ನಷ್ಟೇ ಪ್ರಯೋಗಶಾಲೆಯ ನಳಿಗೆಯಲ್ಲಿ ಕೋಟಿಗಟ್ಟಲೆ ನಕಲು ಮಾಡಿ ನೋಡಿದರು. ಕೊರೊನಾ ಕಾಲದಲ್ಲಿ ಮನೆಮಾತಾದ ಪಿಸಿಆರ್ ಇದೇ. ಅದರಲ್ಲಿ ದುಡಿಯುವುದೂ ಪಾಲಿಮರೇಸೇ, ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ತಂದದ್ದು.

ಒಂದು ಸಂಗತಿಯನ್ನು ರೈತರಿಗೆ ಬಿಡಿಸಿ ಹೇಳಬೇಕು. ನೀರು ಕುಡಿದ ಕಾಳು ನಕಲಿಗೆ ಕೈಹಾಕುವ ಮುನ್ನ ರಿಪೇರಿಗೆ ಕುಳಿತುಕೊಳ್ಳುತ್ತದೆ. ಚೀಲದಲ್ಲಿದ್ದ ತಿಂಗಳುಗಳಲ್ಲಿ ಅಲ್ಲಲ್ಲಿ ಮುರಿದ ಡಿಎನ್ಎಯನ್ನು ಮೊದಲು ಕೂಡಿಸುತ್ತದೆ, ಆಮೇಲೆ ಬರೆಯುತ್ತದೆ. ತೇವ, ಸೆಕೆ ತಾಗಿದ ಬೀಜದಲ್ಲಿ ಮುರಿದದ್ದು ಹೆಚ್ಚು. ರಿಪೇರಿ ಮುಗಿಯದಿದ್ದರೆ ಮೊಳಕೆ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಹಲಗೆಯ ಮೇಲೆ ಚೀಲ ಇಟ್ಟ ಅವ್ವನಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಅದರ ಕೆಲಸ ಹಗುರ ಮಾಡುವುದು ಗೊತ್ತಿತ್ತು.

ಈ ಹಿಂಗಾರಿಗೆ ಮನೆಯ ಕಡಲೆ ಬಿತ್ತುವವರು ಕೂರಿಗೆ ಹೂಡುವ ಒಂದು ವಾರ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೊಳೆತದ್ದನ್ನು ಎಣಿಸಿ. 85 ದಾಟಿದರೆ ಬಿತ್ತಿ, ಇಲ್ಲದಿದ್ದರೆ ಬೇರೆ ಬೀಜ ನೋಡಿಕೊಳ್ಳಿ.