ಗುಳಿಗೆ ಯಾರಿಗೆ, ತೀರ್ಪು ಯಾರದು?

ಒಂದು ಹಳೆಯ ಸಾವಿನಿಂದ ಶುರು ಮಾಡೋಣ. 1929ರಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟರ ಹೆಂಡತಿ, ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲು ಒಪ್ಪಲಿಲ್ಲ. ದೊಡ್ಡವರ ಕೈಲಿ ಹೇಳಿಸಿ, ಎರಡು ರೂಪಾಯಿ ಫೀಸಿಗೆ ಜಾಮೀನು ಕೊಡಿಸಿದ ಮೇಲೆ ಬಂದ. ಬಂದವನು ಹೊರಗೇ ನಿಂತ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಮುಸಲ್ಮಾನ ಮೇಷ್ಟರಿಗೆ ಕೊಟ್ಟ. ಮೇಷ್ಟರು ಹೆಂಡತಿಗೆ ಇಟ್ಟರು. ಅದೇ ದಾರಿಯಲ್ಲಿ ವಾಪಸು ಬಂದದ್ದನ್ನು ಡಾಕ್ಟರು ದೀಪದ ಬೆಳಕಲ್ಲಿ ನೋಡಿ, ನ್ಯುಮೋನಿಯಾ ಅಂದ. ಮತ್ತೆ ಬರಲಿಲ್ಲ. ಆಕೆ ಸತ್ತಳು. ಆ ಮೇಷ್ಟರ ಕಾಗದವನ್ನು ಅಂಬೇಡ್ಕರರು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಸೇರಿಸಿದ್ದಾರೆ.

ಆ ಡಾಕ್ಟರಿಗೆ ವೈದ್ಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದು ಅವನ ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

‘ಅದೆಲ್ಲ ಹಳೇ ಕಾಲದ್ದು ಬಿಡಿ, ಈಗ ಯಾರು ಮುಟ್ಟಲ್ಲ ಅಂತಾರೆ?’ ಎಂದು ಕೇಳುವವರಿದ್ದಾರೆ. ಸರಿ, ಮುಟ್ಟುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಮುಟ್ಟಿದ ಮೇಲೆ ಚೀಟಿ ಬರೆಯುವ ಪೆನ್ನು ಯಾರ ಮುಂದೆ ನಿಲ್ಲುತ್ತದೆ, ಯಾರ ಮುಂದೆ ಓಡುತ್ತದೆ? ಇದನ್ನು ಕಣ್ಣಿಗೆ ಕಾಣುವ ಹಾಗೆ ಲೆಕ್ಕ ಹಾಕಿರುವುದು ಅಮೆರಿಕದಲ್ಲಿ. ಅದಕ್ಕೇ ಅಲ್ಲಿಗೆ ಹೋಗಿ ನೋಡಬೇಕಾಗಿದೆ.

ಎಚ್.ಐ.ವಿ. ಇನ್ನೂ ತಗುಲದವರು, ತಗುಲದಂತೆ ಮುಂಚೆಯೇ ತೆಗೆದುಕೊಳ್ಳುವ ಒಂದು ಗುಳಿಗೆ ಇದೆ. ಅದಕ್ಕೆ ಪ್ರೆಪ್ ಅನ್ನುತ್ತಾರೆ. ಟೆನೊಫೊವಿರ್, ಎಮ್‌ಟ್ರಿಸಿಟಬಿನ್ ಎಂಬ ಎರಡು ಔಷಧ ಸೇರಿದ ಗುಳಿಗೆ. ಅಮೆರಿಕದ ಸರ್ಕಾರ ಇದಕ್ಕೆ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಹೇಳಿದ ಹಾಗೆ ತಪ್ಪದೆ ನುಂಗಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗುಲುವ ಸಂಭವ ಶೇಕಡ 99ರಷ್ಟು ಕಡಿಮೆಯಾಗುತ್ತದೆ.

ಇಂಥ ಗುಳಿಗೆ ಯಾರಿಗೆ ಸಿಕ್ಕಿತು? ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ 2018ರಲ್ಲಿ ಲೆಕ್ಕ ಕೊಟ್ಟಿತು. ಪ್ರೆಪ್‌ನಿಂದ ಉಪಯೋಗವಾಗಬಹುದಾದ ಕಪ್ಪು ಜನ ಸುಮಾರು 5 ಲಕ್ಷ. 2015ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ಅವರಿಗೆ ಔಷಧಿ ಅಂಗಡಿಯಲ್ಲಿ ಸಿಕ್ಕಿದ ಚೀಟಿ ಸುಮಾರು 7 ಸಾವಿರ. ಅಂಥ ಬಿಳಿಯರು ಸುಮಾರು 3 ಲಕ್ಷ. ಅವರಿಗೆ ಸಿಕ್ಕಿದ್ದು 42 ಸಾವಿರ. ನೂರಕ್ಕೆ ಒಬ್ಬ ಒಂದು ಕಡೆ, ನೂರಕ್ಕೆ ಹದಿನಾಲ್ಕು ಇನ್ನೊಂದು ಕಡೆ. ರೋಗದ ಹೊರೆ ಯಾರ ಬೆನ್ನ ಮೇಲಿತ್ತೋ ಅವರ ಕೈಗೆ ಮದ್ದು ಬರಲಿಲ್ಲ.

ಇದಕ್ಕೆ ದುಡ್ಡಿನ ಕಾರಣ ಇದೆ, ವಿಮೆಯ ಕಾರಣ ಇದೆ, ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಕಾರಣ ಇದೆ. ಎಲ್ಲವನ್ನೂ ಡಾಕ್ಟರ ತಲೆಗೆ ಕಟ್ಟುವುದು ತಪ್ಪು. ಆದರೆ ಪೆನ್ನಿನ ಪಾಲೂ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಲಿನ ವೈದ್ಯ ವಿದ್ಯಾರ್ಥಿಗಳ ಮುಂದೆ ಒಬ್ಬ ರೋಗಿಯ ಕತೆ ಇಟ್ಟರು. ಕತೆ ಒಂದೇ, ಕೆಲವರಿಗೆ ಆತ ಬಿಳಿಯ, ಕೆಲವರಿಗೆ ಕಪ್ಪು. ‘ಈ ಗುಳಿಗೆ ಕೊಟ್ಟರೆ ಇವನು ಕಾಂಡೋಮ್ ಬಿಟ್ಟು ಇನ್ನಷ್ಟು ಮನಬಂದಂತೆ ನಡೆಯುತ್ತಾನೆ’ ಎಂಬ ಅನುಮಾನ ಕಪ್ಪು ರೋಗಿಯ ಮೇಲೆ ಹೆಚ್ಚು ಬಿತ್ತು. ಆ ಅನುಮಾನ ಬಂದವರಿಗೆ ಚೀಟಿ ಬರೆಯುವ ಮನಸ್ಸು ಕಡಿಮೆಯಾಯಿತು. ಆಮೇಲಿನ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ನಿಜ. ಆದರೆ ಆ ಅನುಮಾನದ ದನಿ ನಮಗೆ ಹೊಸದೇ? ಕೂಲಿ ಜಾಸ್ತಿ ಕೊಟ್ಟರೆ ಕುಡಿದು ಹಾಳು ಮಾಡ್ತಾರೆ. ಜಮೀನು ಕೊಟ್ಟರೆ ಮಾರ್ಕೊಂಡು ತಿಂತಾರೆ. ಸ್ಕಾಲರ್‌ಶಿಪ್ ಕೊಟ್ಟರೆ ಸಿನಿಮಾ ನೋಡ್ತಾರೆ. ಹಕ್ಕು ಕೇಳಿದವನ ಮುಂದೆ ಅವನ ನಡತೆಯ ಪ್ರಶ್ನೆ ಎತ್ತುವುದು ಉಳ್ಳವರ ಹಳೆಯ ವಿದ್ಯೆ.

ಇಲ್ಲೇ ನೈತಿಕ ಪ್ರಶ್ನೆ ಇರುವುದು. ಡಾಕ್ಟರು ತೀರ್ಮಾನವನ್ನೇ ಮಾಡಬಾರದೇ? ಮಾಡಬೇಕು. ಗುಳಿಗೆ ಕೊಡುವ ಮುಂಚೆ ಎಚ್.ಐ.ವಿ. ಪರೀಕ್ಷೆ ಮಾಡಬೇಕು, ಮೂತ್ರಪಿಂಡ ಸರಿ ಇದೆಯೇ ನೋಡಬೇಕು, ಆಗಾಗ ಮತ್ತೆ ಪರೀಕ್ಷಿಸಬೇಕು. ಅದು ವೈದ್ಯ. ಆದರೆ ‘ಇವಳು ಎಂಥವಳು, ಇವನಿಗೆ ಇದು ತಕ್ಕದ್ದೇ’ ಎಂದು ತೂಗುವುದು ವೈದ್ಯವಲ್ಲ, ನ್ಯಾಯ ಪಂಚಾಯ್ತಿ. ಉಪ್ಪಿನಕಾಯಿ ಬಿಡದ ಯಜಮಾನರಿಗೆ ಬಿ.ಪಿ. ಮಾತ್ರೆ ನಿಲ್ಲಿಸಿದ ಡಾಕ್ಟರನ್ನು ನೀವು ಕಂಡಿದ್ದೀರಾ? ಕೆಲವರು ಕಾಂಡೋಮ್ ಬಿಡಬಹುದು, ಬೇರೆ ಗುಹ್ಯರೋಗಗಳಿಗೆ ಈ ಗುಳಿಗೆ ತಡೆಯಲ್ಲ. ಅದನ್ನು ಹೇಳಬೇಕು, ಕಾಂಡೋಮನ್ನೂ ಕೊಡಬೇಕು. ಗುಳಿಗೆ ಬಚ್ಚಿಟ್ಟರೆ ನಡತೆ ಸುಧಾರಿಸುವುದಿಲ್ಲ. ಸೋಂಕು ತಗುಲುತ್ತದೆ, ಅಷ್ಟೇ.

ಇನ್ನೊಂದು ಮಾತು. ಕಪ್ಪು ಗಂಡಸರಲ್ಲಿ ಸೋಂಕು ಹೆಚ್ಚು, ಆದ್ದರಿಂದ ಅವರ ನಡತೆಯೇ ಕೆಟ್ಟದ್ದು ಅಂತ ಬಹಳ ಜನ ತಿಳಿದಿದ್ದರು. ಗಂಡಸರೊಡನೆ ಕೂಡುವ ಗಂಡಸರ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು 2012ರಲ್ಲಿ ನೋಡಿದಾಗ, ಕಪ್ಪು ಜನರ ನಡತೆಯಲ್ಲಿ ಅಪಾಯ ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಅವರ ಸುತ್ತ ಸೋಂಕು ಮೊದಲೇ ಹೆಚ್ಚಿತ್ತು, ಚಿಕಿತ್ಸೆ ಕಡಿಮೆ ಇತ್ತು. ಕೇರಿಯ ಬಾವಿ ಕೆಟ್ಟು ವಾಂತಿಭೇದಿ ಬಂದರೆ ‘ಆ ಜನ ಕೊಳಕು’ ಅನ್ನುವುದಿಲ್ಲವೇ, ಹಾಗೆ. ನಡತೆಯ ಅಂಕ ಹಾಕಿ ಗುಳಿಗೆ ಕೊಡುವ ಪದ್ಧತಿಯೂ ಇದರಿಂದಲೇ ಕುರುಡಾಯಿತು. ಶಿಕಾಗೋದ ಯುವ ಕಪ್ಪು ಗಂಡಸರ ಬಗ್ಗೆ 2018ರಲ್ಲಿ ಬಂದ ಅಧ್ಯಯನದ ಪ್ರಕಾರ, ಆಮೇಲೆ ಸೋಂಕು ತಗುಲಿದವರಲ್ಲಿ ಸುಮಾರು ಅರ್ಧ ಜನ ಆಗಿನ ಸರ್ಕಾರಿ ಮಾರ್ಗಸೂಚಿಯಂತೆ ಪ್ರೆಪ್‌ಗೆ ಅರ್ಹರೇ ಆಗಿರಲಿಲ್ಲ.

ಹಾಗಾದರೆ ಡಾಕ್ಟರಿಗೆ ಏನು ಕಲಿಸಬೇಕು? ಒಂದು ದಿನದ ಶಿಬಿರ ಮಾಡಿ, ‘ಎಲ್ಲರೂ ಸಮಾನರು’ ಅಂತ ಹೇಳಿಸಿ, ಊಟ ಹಾಕಿ ಕಳಿಸಿದರೆ ಸಾಲದು. ನಮ್ಮಲ್ಲಿ ಸಹಪಂಕ್ತಿ ಭೋಜನಗಳು ಎಷ್ಟಾಗಿವೆ! ಒಳ್ಳೆಯ ಮನಸ್ಸನ್ನು ನಂಬಿ ಕೂತರೆ ಆ ಮನಸ್ಸು ಸೋಮವಾರ ಬೆಳಿಗ್ಗೆಯ ಗದ್ದಲದಲ್ಲಿ ಮತ್ತೆ ಹಳೇ ದಾರಿ ಹಿಡಿಯುತ್ತದೆ. ಕಲಿಸಬೇಕಾದ್ದು ಕೆಲಸದ ರೀತಿ. ಎಲ್ಲರಿಗೂ ಒಂದೇ ಪ್ರಶ್ನೆ, ನಾಚಿಕೆ ಇಲ್ಲದೆ, ಬೈಗುಳ ಇಲ್ಲದೆ. ಎಲ್ಲರಿಗೂ ಗುಳಿಗೆಯ ಸುದ್ದಿ. ಆಮೇಲೆ ತನ್ನದೇ ರಿಜಿಸ್ಟರು ತೆಗೆದು ಯಾರಿಗೆ ಬರೆದೆ, ಯಾರನ್ನು ಹಾಗೇ ಕಳಿಸಿದೆ ಅಂತ ಎಣಿಸುವುದು. 2021ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗಸೂಚಿ ಈ ದಾರಿಗೆ ಬಂತು: ಲೈಂಗಿಕವಾಗಿ ಸಕ್ರಿಯರಾದ ಎಲ್ಲ ವಯಸ್ಕರಿಗೂ ಹದಿಹರೆಯದವರಿಗೂ ಪ್ರೆಪ್ ಬಗ್ಗೆ ತಿಳಿಸಿ, ಕೇಳಿದವರು ತಮ್ಮ ಗುಟ್ಟು ಹೇಳದಿದ್ದರೂ ಕೊಡಿ. ತೀರ್ಪುಗಾರನ ಕುರ್ಚಿಯನ್ನು ಇದು ಸ್ವಲ್ಪವಾದರೂ ಪಕ್ಕಕ್ಕೆ ಸರಿಸುತ್ತದೆ.

ಡಾಕ್ಟರಿಗೆ ಚರಿತ್ರೆಯನ್ನೂ ಕಲಿಸಬೇಕು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಡಾಕ್ಟರುಗಳೇ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು, ಪೆನಿಸಿಲಿನ್ ಬಂದ ಮೇಲೂ, ಮದ್ದು ಕೊಡದೆ ನೋಡುತ್ತಾ ಕೂತರು. ಅಂಥ ಜನ ‘ಈ ಗುಳಿಗೆ ಯಾಕೆ, ನಮಗೇ ಯಾಕೆ?’ ಎಂದು ಕೇಳಿದರೆ ಅದು ಅಜ್ಞಾನವಲ್ಲ, ನೆನಪು. ಆ ನೆನಪಿಗೆ ಉತ್ತರ ಕೊಡುವ ತಾಳ್ಮೆಯೂ ವೈದ್ಯದ ಭಾಗವೇ.

ಇನ್ನು ನಮ್ಮ ನೆಲ. ಮೈಸೂರಿನ ಲೈಂಗಿಕ ಕಾರ್ಮಿಕರ ಆಶೋದಯ ಸಮಿತಿ ಮತ್ತು ಕೋಲ್ಕತ್ತಾದ ದರ್ಬಾರ್ ಮಹಿಳಾ ಸಮನ್ವಯ ಸಮಿತಿ 2016ರ ಸುಮಾರಿಗೆ ಪ್ರೆಪ್ ಪ್ರಯೋಗ ನಡೆಸಿದವು. ಸೇರಿದ ಹೆಣ್ಣುಮಕ್ಕಳು ಸಾವಿರಕ್ಕೂ ಹೆಚ್ಚು. ಗುಳಿಗೆ ಬರುವ ಮುಂಚೆಯೇ ಅವರ ನಡುವೆ ಚರ್ಚೆಯಾಯಿತು: ನಮಗೆ ಇದು ಬೇಕೇ, ಬೇಡವೇ, ಹೇಗೆ ಬೇಕು? ಊರು ‘ಕೆಟ್ಟವರು’ ಎಂದು ತೀರ್ಪು ಕೊಟ್ಟಿದ್ದ ಹೆಣ್ಣುಮಕ್ಕಳೇ ಗುಳಿಗೆಯ ಬಗ್ಗೆ ಒಬ್ಬರಿಗೊಬ್ಬರು ತಿಳಿಸಿದರು, ಜೊತೆಗೆ ನಿಂತರು. ಡಾಕ್ಟರುಗಳಿಗೆ ತರಬೇತಿ ಕೊಡುವ ಮೇಷ್ಟರುಗಳು ಬೇಕಿದ್ದರೆ ಅವರು ಇಲ್ಲೇ ಇದ್ದಾರೆ.

ಎಚ್.ಐ.ವಿ. ಇರುವವರಿಗೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡಬಾರದೆಂದು 2017ರ ಕಾನೂನು ಹೇಳುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಪ್ರೆಪ್ ಮಾರ್ಗಸೂಚಿ 2022ರಲ್ಲಿ ಬಂದಿದೆ. ಕಾಗದ ಇದೆ. ಗೆಳೆಯರೇ, ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಕೇಳಿ: ಈ ಗುಳಿಗೆಯ ಬಗ್ಗೆ ಇಲ್ಲಿ ಯಾರಿಗೆ ಹೇಳುತ್ತೀರಿ? ಯಾರಿಗೆ ಹೇಳುವುದಿಲ್ಲ? ಯಾಕೆ?

ಆ ಥರ್ಮಾಮೀಟರು ಮೂರು ಕೈ ದಾಟಿ ಹೋಗಿತ್ತು. ಈ ಗುಳಿಗೆ ಕೊಡುವವರ ಕೈಯಿಂದ ಕೇಳಿದವರ ಕೈಗೆ ನೇರವಾಗಿ ಬರಬೇಕು.